ಫ್ರೆಂಚರ ಕಷಾಯ

ನಾನು ಬಿ.ಎ. ಪಾಸು ಮಾಡಿದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮಾತಿನ ನಡುವೆ ಎಲ್ಲಾದರೂ ತೂರಿಸಿ ಹೇಳಿಯೇ ಹೇಳುತ್ತೇನೆ. ನನಗಿಂತ ಮೊದಲು ನಮ್ಮ ವಂಶದಲ್ಲಿ ಯಾರೂ ಹೆಬ್ಬೆಟ್ಟು ಬಿಟ್ಟು ಬೇರೆ ಬೆರಳನ್ನು ಕಾಗದಕ್ಕೆ ಮುಟ್ಟಿಸಿದವರಲ್ಲ. ಮೈಸೂರಿನಲ್ಲಿ ಹಾಸ್ಟೆಲಿನ ನೀರು ಸಾರು ಉಂಡು, ಒಂದೇ ಕೋಟನ್ನು ನಾಲ್ಕು ವರ್ಷ ಒಗೆದು ಒಗೆದು ಹಾಕಿಕೊಂಡು ಗಳಿಸಿದ ಎರಡಕ್ಷರ ಅದು. ಆದ್ದರಿಂದ ಶಿಕಾರಿಪುರಕ್ಕೆ ಹೈಸ್ಕೂಲು ಮೇಷ್ಟ್ರಾಗಿ ಬಂದ ಮೊದಲ ದಿನವೇ ನನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಹೆಸರಿನ ಹಲಗೆ ಹೊಡೆದೆ. ಹೆಸರು ಸಣ್ಣದು, ಬಿ.ಎ. ದೊಡ್ಡದು. ಆ ಹಲಗೆ ನೋಡಿ ಬಾಗಿಲು ತಟ್ಟಿದವರು ಒಂದು ವರ್ಷದಲ್ಲಿ ಇಬ್ಬರೇ. ಒಬ್ಬ ಅರ್ಜಿ ಬರೆಸಲು ಬಂದಿದ್ದ. ಇನ್ನೊಬ್ಬಳು ಮುದುಕಿ, ಮಂಡಿನೋವಿಗೆ ಔಷಧಿ ಕೇಳಿದಳು.

ಪದವಿಯ ಜೊತೆಗೆ ಒಂಟಿತನವನ್ನೂ ಕೊಡುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಸೊರಬದ ಬಸ್ಸು ಹಿಡಿದು ನಮ್ಮೂರು ಹೊಸಬಾಳೆಗೆ ಹೋದರೆ, ಜಗಲಿಯಲ್ಲಿ ಹರಟುತ್ತಿದ್ದವರು ಗಕ್ಕನೆ ಮಾತು ನಿಲ್ಲಿಸಿ ಜಾಗ ಬಿಡುತ್ತಾರೆ. ಕಿವಿ ಹಿಂಡಿ ನನ್ನನ್ನು ಬೆಳೆಸಿದ ಅಪ್ಪನೇ ಚಾಪೆ ಹಾಸಿ, "ಕೂತ್ಕಳಿ, ಕೂತ್ಕಳಿ" ಎನ್ನುತ್ತಾನೆ. ಸ್ವಂತ ಮಗನಿಗೆ ಬಹುವಚನ! ಆಮೇಲೆ ಇಬ್ಬರೂ ಏನು ಮಾತಾಡುವುದೆಂದು ತಿಳಿಯದೆ ಅಂಗಳದ ಎಮ್ಮೆಯನ್ನು ನೋಡುತ್ತ ಕೂರುತ್ತೇವೆ. ಅದೊಂದು ಮಾತ್ರ ನನ್ನನ್ನು ಹಳೆಯ ಹಾಗೆಯೇ ನೋಡುತ್ತದೆ. ಹಾಗಾಗಿ ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಶಿಕಾರಿಪುರದ ಭಾನುವಾರಗಳಲ್ಲಿ ಪಂಚೆ ಒಗೆದು, ಒಣಗಿತೇ ಎಂದು ನಾಲ್ಕು ಸಲ ಮುಟ್ಟಿ ನೋಡುವುದೇ ನನ್ನ ದೊಡ್ಡ ಕಾರ್ಯಕ್ರಮವಾಯಿತು.

ಹೀಗಿರುವಾಗ ಮುಂಬಯಿಯಲ್ಲಿ ಕೆಲಸಕ್ಕಿರುವ ಹಾಸ್ಟೆಲಿನ ಗೆಳೆಯನೊಬ್ಬ ಪಾರ್ಸೆಲು ಕಳಿಸಿದ. ಬಿಚ್ಚಿದರೆ ಹೆಂಚಿನ ಚೂರಿನಷ್ಟು ಗಟ್ಟಿಯಾದ, ಕಪ್ಪನೆಯ ಚಾಕಲೇಟಿನ ಎರಡು ದಪ್ಪ ಹಲಗೆ. ನನಗೆ ತಕ್ಷಣ ನಮ್ಮ ಪ್ರೊಫೆಸರರ ನೆನಪಾಯಿತು. ಅವರು ಪ್ಯಾರಿಸ್ಸಿನಲ್ಲಿ ಎರಡು ವರ್ಷ ಇದ್ದು ಬಂದವರು. ಪರೀಕ್ಷೆ ಮುಗಿದ ದಿನ ನಮ್ಮ ಐದಾರು ಜನರನ್ನು ಮನೆಗೆ ಕರೆದು, ತಾವೇ ಒಲೆಯ ಮುಂದೆ ನಿಂತು, ಸಣ್ಣ ಸಣ್ಣ ಬಟ್ಟಲಲ್ಲಿ ಫ್ರೆಂಚರ ಬಿಸಿ ಚಾಕಲೇಟು ಕೊಟ್ಟಿದ್ದರು. ಅದು ಕಾಫಿಯಂತೆ ಕುಡಿಯುವಂಥದ್ದಲ್ಲ. ಚಮಚ ಇಟ್ಟರೆ ನಿಲ್ಲುವಷ್ಟು ಮಂದ. ನಾಲಿಗೆಗೆ ಮೊದಲು ಕಹಿ, ಆಮೇಲೆ ಸಿಹಿ, ಆಮೇಲೆ ಎರಡೂ ಅಲ್ಲದ ಒಂದು ಸುಖ. "ಅಲ್ಲಿಯವರು ಇದರಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಾರೆ. ಒಂದು ಮಾತು ನೆನಪಿಡಿ, ಇದನ್ನು ಒಬ್ಬನಿಗಾಗಿ ಮಾಡಬಾರದು" ಎಂದಿದ್ದರು. ಅವರೂ ಆ ದೊಡ್ಡ ಮನೆಯಲ್ಲಿ ಒಬ್ಬರೇ ಇದ್ದರು ಎಂಬುದು ನನಗೆ ಹೊಳೆದದ್ದು ಶಿಕಾರಿಪುರದಲ್ಲಿ, ಚಾಕಲೇಟಿನ ಹಲಗೆಯನ್ನು ಕೈಯಲ್ಲಿ ಹಿಡಿದಾಗ.

ಸರಿ, ಸಹೋದ್ಯೋಗಿಗಳನ್ನೆಲ್ಲ ಕರೆಯುವುದೆಂದು ತೀರ್ಮಾನಿಸಿದೆ. ಇಲ್ಲಿ ನಾನು ಮಾಡಿದ ತಪ್ಪನ್ನು ಬಿ.ಎ. ಓದದವನು ಮಾಡುತ್ತಿರಲಿಲ್ಲ. ಒಂದು ಬಿಳಿ ಹಾಳೆಯಲ್ಲಿ, "ಭಾನುವಾರ ಸಂಜೆ ನಾಲ್ಕು ಗಂಟೆಗೆ ನನ್ನ ಕೋಣೆಯಲ್ಲಿ ಫ್ರೆಂಚ್ ಮಾದರಿಯ ಬಿಸಿ ಚಾಕಲೇಟು ಸೇವನೆ. ತಪ್ಪದೆ ದಯಮಾಡಿಸಬೇಕಾಗಿ ವಿನಂತಿ" ಎಂದು ದುಂಡಗೆ ಬರೆದು, ಶಾಲೆಯ ಜವಾನನ ಕೈಯಲ್ಲಿ ಕೊಟ್ಟೆ. ಅವನು ಅದನ್ನು ಸುತ್ತೋಲೆಯೆಂದು ತಿಳಿದು ತರಗತಿಯಿಂದ ತರಗತಿಗೆ ಒಯ್ದ. ಸಂಜೆ ಹಾಳೆ ವಾಪಸು ಬಂತು. ಕೆಳಗೆ ಸಾಲಾಗಿ ಏಳು ರುಜು. ಹೆಡ್‌ಮಾಸ್ಟರು "ನೋಡಲಾಗಿದೆ" ಎಂದು ಬರೆದು ತಾರೀಖನ್ನೂ ಹಾಕಿದ್ದರು. ಏಳು ಜನ ಒಪ್ಪಿದರೆಂದು ನಾನು ಹಿಗ್ಗಿದೆ. ನಮ್ಮ ಸೀಮೆಯಲ್ಲಿ ಒಂದು ಲೋಟ ಮಜ್ಜಿಗೆಗೆ ಕರೆಯಬೇಕಾದರೂ ಹೊಸ್ತಿಲ ತನಕ ಹೋಗಿ, "ನೀವು ಬರ್ಲೇಬೇಕ್ರೀ" ಎಂದು ಮೂರು ಸಲ ಹೇಳಬೇಕು. ಕಾಗದ ನೋಡಿ ಜನ ಹೋಗುವುದು ಕೋರ್ಟಿಗೆ ಮಾತ್ರ.

ಭಾನುವಾರ ಮಧ್ಯಾಹ್ನ ಮನೆಯೊಡತಿ ಗೌರವ್ವನಿಂದ ಎರಡು ಸೇರು ಹಾಲು, ಒಂದು ಕಡಗೋಲು, ಏಳು ಲೋಟ ಕಡ ತಂದೆ. ಹಾಲನ್ನು ಸಣ್ಣ ಉರಿಯಲ್ಲಿ ಬತ್ತಿಸಿದೆ. ಚಾಕಲೇಟನ್ನು ಅಡಕೊತ್ತಿನಲ್ಲಿ ಕತ್ತರಿಸಿ, ಬಿಸಿನೀರಿನ ಮೇಲಿಟ್ಟ ಬೋಗುಣಿಯಲ್ಲಿ ಕರಗಿಸಿ, ಸ್ವಲ್ಪ ಸ್ವಲ್ಪವೇ ಹಾಲು ಬೆರೆಸಿ ಕಡೆದೆ. ಕುದಿಯಬಾರದು, ತಳ ಹಿಡಿಯಬಾರದು, ಕೈ ನಿಲ್ಲಬಾರದು. ಎರಡು ಗಂಟೆ ಒಲೆಯ ಮುಂದೆ ಕೂತ ಮೇಲೆ ಪ್ರೊಫೆಸರರ ಮನೆಯ ಆ ಪರಿಮಳವೇ ಕೋಣೆ ತುಂಬಿತು. ಲೋಟಗಳನ್ನು ಸಾಲಾಗಿಟ್ಟು ಬಾಗಿಲು ತೆರೆದು ಕುಳಿತೆ. ನಾಲ್ಕಾಯಿತು. ನಾಲ್ಕೂವರೆ ಆಯಿತು. ಒಂದು ನಾಯಿ ಬಂದು, ಬಾಗಿಲಿನ ಹೆಸರಿನ ಹಲಗೆಯತ್ತ ಕತ್ತೆತ್ತಿ ನೋಡಿ, ಓದಿದ ಹಾಗೆ ಮಾಡಿ ಹೊರಟುಹೋಯಿತು. ಐದಕ್ಕೆ ಎದ್ದು ಲೋಟಗಳನ್ನು ಒಂದೊಂದಾಗಿ ಬೋರಲು ಹಾಕಿದೆ.

ಆಗ ಕಡಗೋಲು ಕೇಳಲು ಗೌರವ್ವ ಬಂದಳು. ಬೋಗುಣಿಯಲ್ಲಿದ್ದ ಕಪ್ಪು ಮಂದ ದ್ರವವನ್ನು ನೋಡಿದಳು, ನನ್ನ ಮುಖ ನೋಡಿದಳು.

"ಅಯ್ಯ ನಮ್ಮಪ್ಪ, ಕಷಾಯ ಕಾಸ್ಕಂಡೀರಿ! ಜರ ಬಂದೈತಿ ಅಂತ ಒಂದ್ ಮಾತು ಹೇಳ್ಬಾರ್ದೇನ್ರೀ ಮೇಷ್ಟ್ರೇ? ಗ್ವಾಡಿ ಆಚೀಗೆ ನಾನೇನು ಸತ್ತೀನೇನು?"

"ಕಷಾಯ ಅಲ್ಲ ಗೌರವ್ವ, ಇದು ಫ್ರಾನ್ಸ್ ದೇಶದ—"

ಅವಳು ನನ್ನ ಹಣೆ ಮುಟ್ಟಿದಳು. ಎರಡು ಗಂಟೆ ಒಲೆಗೆ ಒಡ್ಡಿದ ಹಣೆ ಸುಡದೆ ಇರುತ್ತದೆಯೆ? "ಜರ ತಲೀಗೇ ಏರೈತಿ, ಯಾವ್ಯಾವ್ದೋ ದೇಶ ಅಂತಾರ" ಎಂದು ಗಾಬರಿಯಿಂದ ಬೀದಿಗೆ ಓಡಿದಳು.

ಆ ವರ್ಷ ಊರೂರಿಗೂ ಫ್ಲೂ ಹಬ್ಬಿತ್ತು. ಅರ್ಧ ಗಂಟೆಯಲ್ಲಿ ನನ್ನ ಕೋಣೆ ತುಂಬಿತು. ರುಜು ಹಾಕಿದ ಏಳು ಜನರೂ ಬಂದರು! ಮೊದಲು ಬಂದವರು ಡ್ರಾಯಿಂಗ್ ಮಾಸ್ತರು ಚನ್ನಬಸಪ್ಪನವರು. ಹೆಂಡತಿ ಮಕ್ಕಳನ್ನು ಧಾರವಾಡದಲ್ಲಿ ಬಿಟ್ಟು, ಖಾನಾವಳಿಯಲ್ಲಿ ಉಂಡು, ಯಾರ ಜೊತೆಗೂ ಮಾತಾಡದೆ ಇರುವ ಮನುಷ್ಯ, ಜಂಬದವರೆಂದು ತಿಳಿದಿದ್ದೆ. ಅವರ ಕೈಯಲ್ಲಿ ಬ್ರೆಡ್ಡಿತ್ತು. ನಮ್ಮಲ್ಲಿ ಬ್ರೆಡ್ಡೆಂದರೆ ಕಾಯಿಲೆಯವರ ಆಹಾರವಷ್ಟೆ. ಹೆಡ್‌ಮಾಸ್ಟರೂ ಬ್ರೆಡ್ಡೇ ತಂದಿದ್ದರು. ನಾನು ಇನ್ನೊಮ್ಮೆ, "ನನಗೇನೂ ಆಗಿಲ್ಲ" ಎಂದೆ. "ಎಲ್ಲಾ ರೋಗಿಗಳೂ ಹೇಳೋದು ಇದನ್ನೇ, ಮಲಗ್ರೀ" ಎಂದರು ಹೆಡ್‌ಮಾಸ್ಟರು. ನಿಜ ಹೇಳಿದರೆ ಎಲ್ಲರೂ ಎದ್ದು ಹೋಗುತ್ತಾರೆಂದು ಹೆದರಿಕೆಯಾಯಿತು. ಹುಡುಗರಿಗೆ ಸತ್ಯದ ಮಹಿಮೆ ಬೋಧಿಸುವ ನಾನು ಕಂಬಳಿ ಹೊದ್ದು ಮಲಗಿದೆ.

ಗೌರವ್ವ ಬೋಗುಣಿಯನ್ನು ಮತ್ತೆ ಬಿಸಿ ಮಾಡಿ, ನಾಲ್ಕು ಕಾಳು ಮೆಣಸು, ಒಂದು ಚೂರು ಶುಂಠಿ ಜಜ್ಜಿ ಹಾಕಿದಳು. "ಊರಾಗೆಲ್ಲ ಜರ ಐತಿ. ಲೋಟಾನೂ ಇಲ್ಲೇ ಅದಾವು, ಎಲ್ರೂ ಒಂದೊಂದು ಗುಟುಕು ಕುಡೀರಿ" ಎಂದು ಹಂಚಿಯೇಬಿಟ್ಟಳು. ಹೆಡ್‌ಮಾಸ್ಟರು ಕಣ್ಣು ಮುಚ್ಚಿ ಕುಡಿದು, ಒಂದು ಕಣ್ಣು ತೆರೆದು, ಲೋಟವನ್ನು ಮತ್ತೆ ಮುಂದೆ ಚಾಚಿದರು.

"ಯಾವ ಪಂಡಿತರದ್ರೀ ಈ ಕಷಾಯ?"

"ಮೈಸೂರಿನವರದು" ಎಂದೆ. ಅಷ್ಟು ಮಾತ್ರ ನಿಜ.

ಏಳು ಗಂಟೆಯವರೆಗೆ ಅವರು ಕದಲಲಿಲ್ಲ. ತಮ್ಮ ತಮ್ಮ ಜ್ವರಗಳ ಕಥೆ ಹೇಳಿ ಹೇಳಿ ನಕ್ಕರು. ಆ ಗೋಡೆಗಳು ನಗು ಕೇಳಿದ್ದು ಅದೇ ಮೊದಲು. ನಾನು ಮಲಗಿದಲ್ಲೇ ಬ್ರೆಡ್ಡನ್ನು ಚಾಕಲೇಟಿನಲ್ಲಿ ಅದ್ದಿ ತಿಂದೆ, ಪ್ಯಾರಿಸ್ಸಿನವರಂತೆ. ಹೊರಡುವಾಗ ಹೆಡ್‌ಮಾಸ್ಟರು ಎರಡು ದಿನ ರಜ ಮಂಜೂರು ಮಾಡಿ, "ಯಾರೂ ಬಂದು ಇವರಿಗೆ ತೊಂದರೆ ಕೊಡಬೇಡಿ" ಎಂದು ಕಟ್ಟಪ್ಪಣೆ ಮಾಡಿದರು. ಸುಳ್ಳಿಗೆ ಅಷ್ಟು ಕರಾರುವಾಕ್ಕಾದ ಶಿಕ್ಷೆಯನ್ನು ಯಾವ ಮ್ಯಾಜಿಸ್ಟ್ರೇಟರೂ ವಿಧಿಸಲಾರರು. ಸೋಮವಾರ ಪೂರ್ತಿ ಮಲಗಿಕೊಂಡು ಸೂರಿನ ತೊಲೆ ಎಣಿಸಿದೆ. ಆರು ತೊಲೆ. ಮಂಗಳವಾರವೂ ಆರೇ ಇದ್ದವು.

ಮಂಗಳವಾರ ಸಂಜೆ ಬಾಗಿಲಲ್ಲಿ ಕೆಮ್ಮಿದ ಸದ್ದು. ಚನ್ನಬಸಪ್ಪನವರು ನಿಂತಿದ್ದರು, ನನ್ನನ್ನು ನೋಡದೆ ಬಿ.ಎ. ಹಲಗೆಯನ್ನು ನೋಡುತ್ತ.

"ಯಾಕೋ ನನಗೂ ಮೈ ಬೆಚ್ಚಗಾಗೇತ್ರೀ. ಆ ಕಷಾಯ ಒಂದಿಷ್ಟು ಉಳದೈತೇನು?"

ಹಣೆ ಮುಟ್ಟಿ ನೋಡಿದೆ. ಮಣ್ಣಿನ ಹೂಜಿಯಂತೆ ತಣ್ಣಗಿತ್ತು.

"ಹೌದ್ರೀ, ಸುಡ್ತಾ ಇದೆ. ಒಳಗೆ ಬಂದು ಕೂತ್ಕೊಳ್ಳಿ" ಎಂದೆ.

ಚಾಕಲೇಟು ಮುಗಿದಿತ್ತು. ಕಾಫಿಗೆ ಎರಡು ಮೆಣಸು ಜಜ್ಜಿ ಹಾಕಿ ಕೊಟ್ಟೆ. "ಹಾಂ, ಅದೇ ರುಚಿ ನೋಡ್ರಿ" ಎಂದರು ಅವರು, ಸ್ವಲ್ಪವೂ ನಾಚದೆ. ತಮ್ಮ ಕಿರಿಮಗಳು ಹಸುವಿಗೆ ಐದು ಕಾಲು ಬರೆದ ಕಥೆ ಹೇಳಿದರು. ನಾನು ನಮ್ಮ ಎಮ್ಮೆಯ ವಿಚಾರ ಹೇಳಿದೆ. ಎದ್ದು ಹೊರಡುವಾಗ ನನ್ನ ಹಣೆ ಮುಟ್ಟಿ, "ನಿಮಗೂ ಇನ್ನೂ ಪೂರ್ತಿ ಇಳಿದಿಲ್ರೀ. ನಾಳೆ ಬಂದು ನೋಡ್ತೀನಿ" ಎಂದರು.

ನಾನು ಬಿ.ಎ. ಪಾಸು ಮಾಡಿದವನು. ಥರ್ಮಾಮೀಟರು ನೋಡಲು ನನಗೆ ಬರುತ್ತದೆ. ಟ್ರಂಕಿನಲ್ಲಿ ಒಂದು ಇದೆ ಕೂಡ. ತೆಗೆಯಲಿಲ್ಲ.