ಕಷ್ಟ ಕೇಳುವಾಗ ಕೋಟು ಧರಿಸುವ ಬಗ್ಗೆ

“ಎಲ್ಲಾರೂ ಬಂದು ನನ್ನ ಕಷ್ಟ ಕೇಳಿ ಹೋದ್ರಿ, ಭಾಳ ಛಂದ ಆತು. ಈಗ ದವಾಖಾನಿಗೆ ನನ್ನ ಜೋಡಿ ಯಾರು ಬರ್ತೀರಿ?”

ಸಿಕಂದರಾಬಾದಿನ ಒಂಟಿ ಹಿರಿಯರಾದ ಶ್ರೀಮತಿ ಉಮಾಬಾಯಿ ಅವರ ಮೇಲ್ಕಂಡ ಮೌಖಿಕ ಆಕ್ಷೇಪಣೆಯನ್ನು ಪರಿಶೀಲಿಸಿ ಈ ಸುತ್ತೋಲೆಯನ್ನು ಹೊರಡಿಸಲಾಗಿದೆ.

ಕನ್ನಡ ಬಂಧುಗಳ ಸಂಘ, ಸೇವಾ ವಿಭಾಗ
ಅಬಿಡ್ಸ್, ಹೈದರಾಬಾದ್

ಸಂಖ್ಯೆ: ಸೇವಿ/ಕೋಟು/7/2025
ದಿನಾಂಕ: 14 ಮೇ 2025, ಬುಧವಾರ

ವಿಷಯ: ಫಿನ್ಲೆಂಡಿನ ಲೂಥರನ್ ಚರ್ಚಿನ ಸಮಾಜಸೇವೆಯಿಂದ ಕಲಿತದ್ದನ್ನು ಜಾರಿಗೊಳಿಸುವ ಬಗ್ಗೆ, ಹಾಗೂ ಕಲಿಯದ ಕಾರ್ಯಕರ್ತೆ ಕು. ತೇಜಸ್ವಿನಿ ಅವರಿಂದ ವಿವರಣೆ ಕೇಳುವ ಬಗ್ಗೆ.

ಉಲ್ಲೇಖ: ಅಧ್ಯಯನ ಪ್ರವಾಸದ ಫೋಟೋ ಆಲ್ಬಮ್. (ವರದಿ ಬರೆಯಬೇಕಾಗಿದೆ.)

ಸಂಘದ ನಿಯೋಗವು ಫಿನ್ಲೆಂಡಿಗೆ ತೆರಳಿ, ಚರ್ಚಿನ ಸೇವಾ ಕಾರ್ಯಕರ್ತೆಯೊಬ್ಬರು ಒಂಟಿ ಮುದುಕರೊಬ್ಬರ ಮನೆಗೆ ಹೋಗಿ ಕಾಫಿ ಕುಡಿದು, “ನಿಮಗೇನು ಬೇಕು?” ಎಂದು ಕೇಳಿ, ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಆಲಿಸಿದ್ದನ್ನು ಖುದ್ದಾಗಿ ಕಂಡಿರುತ್ತದೆ. ಬಳಿಕ ಆಕೆ ಎದ್ದು ಕೋಟು ಹಾಕಿಕೊಂಡು ಮುದುಕರೊಂದಿಗೆ ಹೊರಗೆ ಹೊರಟರು. ಅಷ್ಟರಲ್ಲಿ ಊರು ತೋರಿಸುವ ಬಸ್ಸು ಹಾರ್ನ್ ಹೊಡೆದ ಕಾರಣ, ಅವರು ಎಲ್ಲಿಗೆ ಹೋದರೆಂಬುದು ತಿಳಿದುಬಂದಿಲ್ಲ. ಹೀಗಾಗಿ ಕಲಿಕೆಯು ಕೋಟಿನವರೆಗೆ ಪೂರ್ಣಗೊಂಡಿದೆ. ಈ ಮೂಲಕ ಸೂಚಿಸುವುದೇನೆಂದರೆ:

1. ಹಿರಿಯರ ಮನೆಗೆ ಹೋಗುವವರೆಲ್ಲರೂ ಉಣ್ಣೆಯ ಕೋಟು ಧರಿಸತಕ್ಕದ್ದು. ಮೇ ತಿಂಗಳ ಸೆಕೆಯ ನೆಪವನ್ನು ಒಪ್ಪಲಾಗದು. ಫಿನ್ಲೆಂಡಿನಲ್ಲಿ ಯಾರೂ ಸೆಕೆಯ ಬಗ್ಗೆ ದೂರಿದ್ದು ನಿಯೋಗದ ಕಿವಿಗೆ ಬಿದ್ದಿಲ್ಲ.

2. ರೋಗಿಯು ಮಾತನಾಡುವಾಗ, “ನಮ್ಮ ಕಾಕಾಗೂ ಥೇಟ್ ಹಿಂಗ ಆಗಿತ್ರಿ, ವಾರದಾಗ ಹೋಗೇಬಿಟ್ರು” ಎಂಬ ಮಾದರಿಯ ಸಾಂತ್ವನವನ್ನು ತಕ್ಷಣದಿಂದ ನಿಷೇಧಿಸಲಾಗಿದೆ. ಈ ಬಗ್ಗೆ ಸದಸ್ಯರಿಗಾಗುವ ಸಂಕಟದ ಅರಿವು ವಿಭಾಗಕ್ಕಿದೆ.

3. ಚಹಾ ಕೊಟ್ಟಲ್ಲಿ ಅದನ್ನು ಕಾಫಿಯೆಂದು ಭಾವಿಸಿ ಕುಡಿಯತಕ್ಕದ್ದು. ಉಸ್ಮಾನಿಯಾ ಬಿಸ್ಕತ್ತಿನ ವಿಷಯದಲ್ಲಿ ಫಿನ್ಲೆಂಡಿನಿಂದ ಸ್ಪಷ್ಟೀಕರಣ ಬರುವವರೆಗೆ ಅದ್ದಿ ತಿನ್ನುವ ಈಗಿನ ಪದ್ಧತಿಯೇ ಮುಂದುವರಿಯಲಿದೆ.

4. ಉಮಾಬಾಯಿ ಅವರ ಎರಡೂ ಕಣ್ಣಿಗೆ ಪೊರೆ ಬಂದಿದ್ದು, ಜೊತೆಗೆ ಒಬ್ಬರಿಲ್ಲದೆ ಆಸ್ಪತ್ರೆಯವರು ಆಪರೇಷನ್ ಮಾಡುವುದಿಲ್ಲ ಎಂಬುದನ್ನು ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಖಜಾಂಚಿ ಬೇರೆಬೇರೆಯಾಗಿ, ಕೋಟು ಸಮೇತ ಆಲಿಸಿರುತ್ತಾರೆ. ಆದ್ದರಿಂದ ಸದರಿ ಬೇಡಿಕೆಯನ್ನು “ಪೂರ್ತಿ ಕೇಳಿಸಿಕೊಳ್ಳಲಾಗಿದೆ” ಎಂದು ಮುಕ್ತಾಯಗೊಳಿಸಲಾಗಿದೆ.

5. ಹೀಗಿದ್ದರೂ ಕು. ತೇಜಸ್ವಿನಿ ಅವರು ಕಳೆದ ತಿಂಗಳು ಕೋಟಿಲ್ಲದೆ ಉಮಾಬಾಯಿ ಅವರನ್ನು ಆಟೋದಲ್ಲಿ ಕರೆದೊಯ್ದು, ಬಲಗಣ್ಣಿನ ಆಪರೇಷನ್ ಮಾಡಿಸಿ, ದಿನಾಲೂ ಹೋಗಿ ಔಷಧಿ ಹನಿ ಹಾಕಿರುತ್ತಾರೆ. ಕಾರಣ ಕೇಳಲಾಗಿ, “ಬಾ ಅಂದ್ರು, ಹೋದೆ. ಇದ್ರಾಗ ಫಿನ್ಲೆಂಡ್ ಎಲ್ಲಿಂದ ಬಂತ್ರಿ?” ಎಂದು ಉತ್ತರಿಸಿರುತ್ತಾರೆ. ಇದು ಫೋಟೋ ಆಲ್ಬಮ್ಮಿಗೆ ತೋರಿದ ಅಗೌರವವಾಗಿದೆ. ನಾಳೆ ಗುರುವಾರ ನಿಗದಿಯಾಗಿರುವ ಎಡಗಣ್ಣಿನ ಆಪರೇಷನ್ನಿಗೆ ಅವರು ಹೋಗತಕ್ಕದ್ದಲ್ಲ. ಹೋದಲ್ಲಿ ಸಂಘದ ಕೆಲಸದಿಂದ ತೆಗೆದುಹಾಕಲಾಗುವುದು. ಬದಲಿ ವ್ಯವಸ್ಥೆಯಾಗುವವರೆಗೆ ಎಡಗಣ್ಣು ಸಹಕರಿಸಬೇಕೆಂದು ಕೋರಲಾಗಿದೆ.

6. ಕೋಟು ಹಾಕಿಕೊಂಡ ಮೇಲೆ ಫಿನ್ಲೆಂಡಿನವರು ಏನು ಮಾಡುತ್ತಾರೆ ಎಂಬುದನ್ನು ಅರಿಯಲು ಎರಡನೇ ಅಧ್ಯಯನ ಪ್ರವಾಸಕ್ಕೆ ತಾತ್ವಿಕ ಒಪ್ಪಿಗೆ ನೀಡಲಾಗಿದೆ.

(ಸಹಿ/-)
ಪ್ರಾಣೇಶ
ಅಧ್ಯಕ್ಷರು
(ಸಹಿಯ ಮೇಲೆ ಬಿದ್ದಿರುವುದು ಬೆವರು, ತಿದ್ದುಪಡಿ ಎಂದು ಭಾವಿಸತಕ್ಕದ್ದಲ್ಲ.)

ಪ್ರತಿಗಳು (ತಲುಪಿಸಿದವರು ನಂತರ ಬರೆದ ಷರಾ ಸಹಿತ):

1. ಖಜಾಂಚಿ ಅಮೋಲ್ ಅವರಿಗೆ: ವಿಮಾನದ ಟಿಕೆಟ್ಟಿಗಾಗಿ. ಕಿಟಕಿ ಪಕ್ಕದ್ದು.

2. ಸೂಚನಾ ಫಲಕಕ್ಕೆ.

3. ಶ್ರೀಮತಿ ಉಮಾಬಾಯಿ ಅವರಿಗೆ: ಬುಧವಾರ ಸಂಜೆ ತಲುಪಿದೆ. ಯಾರ ಸಹಾಯವೂ ಇಲ್ಲದೆ ಖುದ್ದು ಓದಿಕೊಂಡು, “ಒಂದ ಕಣ್ಣಿಗೇ ಅಕ್ಷರ ಲಖ್ಖ ಕಾಣಾಕತ್ತಾವ್ರಿ. ಏನ್ ಬರದಾರಂತ ಮಾತ್ರ ತಿಳೀವಲ್ದು. ಇನ್ನೊಂದೂ ಆಗ್ಲಿ, ಮತ್ತ ಓದಿ ನೋಡ್ತೀನಿ” ಎಂದು ತಿಳಿಸಿರುತ್ತಾರೆ.

4. ಕು. ತೇಜಸ್ವಿನಿ ಅವರಿಗೆ: ಗುರುವಾರ ಬೆಳಿಗ್ಗೆ ತಲುಪಿಸಲು ಹೋದಾಗ ಉಮಾಬಾಯಿ ಅವರನ್ನು ಆಟೋಕ್ಕೆ ಹತ್ತಿಸುತ್ತಿದ್ದರು. ಒಂದು ಕೈಯಲ್ಲಿ ಉಮಾಬಾಯಿ, ಇನ್ನೊಂದರಲ್ಲಿ ಊಟದ ಡಬ್ಬಿ ಇದ್ದುದರಿಂದ ಪ್ರತಿಯನ್ನು ಪಡೆದಿರುವುದಿಲ್ಲ.