ಕೊಲೆಗಾರ ಯಾರೆಂದು ಹೇಳಬಾರದು

ಒಳ್ಳೆಯ ಪುಸ್ತಕ ಓದಿದವರು ಸುಮ್ಮನಿರಬೇಕು. ಸುಮ್ಮನಿರಲಾಗದವರು ನನ್ನ ಹಾಗಾಗುತ್ತಾರೆ. ಕಡೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಚಾಳೀಸು ಬಂದವರ ಕೈಗೆ ನಾನು ಅಕ್ಷರದ ಹಲಗೆ ಕೊಡುವುದಿಲ್ಲ, ನನ್ನ ಮೆಚ್ಚಿನ ಪತ್ತೇದಾರಿ ಕಾದಂಬರಿ ಕೊಡುತ್ತೇನೆ. ಅದರ ನಾಯಕ ಬೇಕರಿಯ ಮೇಲಿನ ಕೋಣೆಯಲ್ಲಿ ಕಚೇರಿ ಇಟ್ಟುಕೊಂಡ, ಸಕ್ಕರೆ ಕಾಯಿಲೆಯ ಖಾಸಗಿ ಪತ್ತೇದಾರ. ಕೆಳಗಿಂದ ಏರಿ ಬರುವ ಬನ್ನಿನ ವಾಸನೆಯೇ ಅವನ ದೊಡ್ಡ ಶತ್ರು. ಲಾಡ್ಜಿನಲ್ಲಿ ಒಬ್ಬ ಗುಮಾಸ್ತ ಸತ್ತು ಬಿದ್ದಿದ್ದಾನೆ, ಅವನ ಹೆಂಡತಿ ಅಳುತ್ತಾ ಮೆಟ್ಟಿಲು ಹತ್ತಿ ಬರುತ್ತಾಳೆ. ಕೊಂದವರು ಯಾರೆಂದು ಮಾತ್ರ ಹೇಳುವುದಿಲ್ಲ. ಅಷ್ಟು ಶಿಸ್ತು ನನ್ನಲ್ಲಿದೆ. "ಅಕ್ಷರ ಕಾಣುತ್ತಾ? ಹಾಗಾದ್ರೆ ಮನೆಗೆ ಒಯ್ದು ಪೂರ್ತಿ ಓದಿ" ಎನ್ನುತ್ತೇನೆ. ಹಿರೇನಲ್ಲೂರಿನವರೊಬ್ಬರು ಇದಕ್ಕೆ ಹೆದರಿ ಬೀರೂರಿಗೆ ಹೋಗಿ ಕನ್ನಡಕ ಮಾಡಿಸಿಕೊಂಡರಂತೆ.

ನನ್ನ ಭಾವ ಚಂದ್ರಪ್ಪನವರು ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಮೈಕು ಕೆಟ್ಟ ದಿನ ಅವರಿಗೆ ಹಬ್ಬ. ಬರಿಗಂಟಲಲ್ಲಿ ಊರ ಹೆಸರು ಕೂಗಿದರೆ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರೂ ಎದ್ದು ಓಡುತ್ತಿದ್ದರು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕೊರಳಲ್ಲೊಂದು ತೂತು ಉಳಿಯಿತು, ಮಾತು ಬರೀ ತುಟಿಯಲ್ಲಿ. ಅಜ್ಜಂಪುರದ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಿದ್ದರು. ರೋಗಿಯನ್ನು ನೋಡಲು ಹೋಗುವವರು ಹಣ್ಣು ಒಯ್ಯುತ್ತಾರೆ, ನಾನು ಕೊಲೆ ಒಯ್ದೆ. ಅದೇ ಕಾದಂಬರಿಯ ಆಡಿಯೋ ಪುಸ್ತಕವನ್ನು ಅವರ ಹೆಂಡತಿ, ನನ್ನ ಗಿರಿಜಕ್ಕನ ಫೋನಿಗೆ ಹಾಕಿಕೊಟ್ಟೆ. ಓದಿದವರ ಧ್ವನಿಯೂ ಸೊಗಸು: ಅವಸರವಿಲ್ಲ, ತುಸು ಒರಟು, ಪತ್ತೇದಾರ ಸುಳ್ಳು ಹಿಡಿದಾಗ ಮಾತ್ರ ಅರೆಗಳಿಗೆ ನಿಲ್ಲುತ್ತದೆ.

ವಾರ ಬಿಟ್ಟು ಫೋನ್ ಮಾಡಿ, ಕಥೆ ಎಲ್ಲಿಗೆ ಬಂತೆಂದು ಅಕ್ಕನನ್ನು ಕೇಳಿದೆ. ಮೂರನೇ ಅಧ್ಯಾಯವಂತೆ. ಮುಂದಿನ ವಾರವೂ ಮೂರನೆಯದೇ. ನನಗೆ ರೇಗಿತು.

"ಅಕ್ಕಾ, ಅಲ್ಲಿಗೆ ಇನ್ನೂ ತನಿಖೆಯೇ ಶುರುವಾಗಿರಲ್ಲ!"

"ಯಾರು ಕೊಂದ್ರೆ ನಂಗೇನೋ ಮಂಜ? ಅದ್ರಲ್ಲಿ ಆ ಪತ್ತೇದಾರ ತನ್ ಹೆಂಡ್ತೀನ ಕರ್ದು ಕಾಫಿ ಕೇಳ್ತಾನಲ್ಲ, ಥೇಟ್ ನಿಮ್ ಭಾವನ ದನಿ ಕಣೋ. ಅಡಿಗೆ ಮಾಡ್ತಾ ಅಷ್ಟನ್ನೇ ಹಾಕ್ಕೊಂತೀನಿ." ಆಮೇಲೆ ಮೆಲ್ಲಗೆ, "ಡಾಕ್ಟ್ರು ಸ್ಕ್ಯಾನ್ ನೋಡಿದ್ರು. ಮತ್ತೆ ಬಂದೈತಂತೆ, ಈ ಸಲ ಶ್ವಾಸಕೋಶಕ್ಕೆ. ಏನೂ ಮಾಡೋ ಹಂಗಿಲ್ವಂತೆ. ಅವ್ರಿಗೆ ಹೇಳ್ಬೇಡ" ಎಂದಳು.

ಗುಟ್ಟು ಕಾಯುವುದರಲ್ಲಿ ಪಳಗಿದವನೆಂಬ ಧೈರ್ಯದಿಂದ ಒಪ್ಪಿಕೊಂಡೆ.

ಒಂದು ಮಧ್ಯಾಹ್ನ ಭಾವ ಒಬ್ಬರೇ ಬಸ್ಸು ಹತ್ತಿ ಅಂಗಡಿಗೆ ಬಂದುಬಿಟ್ಟರು. ಕೊರಳಿಗೆ ಮಫ್ಲರ್, ಕೈಯಲ್ಲಿ ಅಕ್ಕನ ಫೋನು. "ಮುಗೀತು" ಎಂದಿತು ತುಟಿ. ಅಕ್ಕ ದೇವಸ್ಥಾನಕ್ಕೆ ಹೋದಾಗಲೆಲ್ಲ ಕೇಳಿ ಮುಗಿಸಿದ್ದರಂತೆ. ಇಷ್ಟು ವರ್ಷಕ್ಕೆ ಒಬ್ಬರಾದರೂ ಕಡೆಯವರೆಗೆ ಹೋದರಲ್ಲ ಎಂದು ನನಗೆ ಕುಣಿಯುವಂತಾಯಿತು. ಹೇಗಿತ್ತು ಎಂದೆ. ಭಾವ ನಿಧಾನವಾಗಿ ತುಟಿಯಾಡಿಸಿದರು: "ಹೆಂಡ್ತಿಗೆ ಮೊದ್ಲೇ ಗೊತ್ತಿತ್ತು."

"ಛೆ, ಇಲ್ಲ ಭಾವ! ಆ ಗುಮಾಸ್ತನ ಹೆಂಡ್ತಿಗೆ ಕಡೇವರೆಗೂ ಏನೂ ಗೊತ್ತಿರಲ್ಲ" ಎಂದು ಪುಸ್ತಕ ತೆಗೆದು ಪುಟ ಹುಡುಕತೊಡಗಿದೆ. ಅವರು ಕೈ ಚಾಚಿ ಪುಸ್ತಕ ಮುಚ್ಚಿದರು.

"ನನ್ ಹೆಂಡ್ತಿಗೆ ಕಣೋ. ಬೈಯೋದೇ ಬಿಟ್ಟವ್ಳೆ. ನಿಂಗೂ ಗೊತ್ತು."

ನಾನು ಒಂದು ಕನ್ನಡಕ ಎತ್ತಿಕೊಂಡು ಒರೆಸತೊಡಗಿದೆ. ಅದಕ್ಕೆ ಗಾಜೇ ಹಾಕಿರಲಿಲ್ಲ. ಭಾವ ಅದನ್ನು ನೋಡಿದರು, ನನ್ನ ಮುಖ ನೋಡಿದರು, ತಲೆಯಾಡಿಸಿದರು. ಅವರಿಗೆ ಬೇಕಾದ ಉತ್ತರ ಸಿಕ್ಕಿತ್ತು.

"ನಂಗೆ ಗೊತ್ತಾಗಿದ್ದು ಅವ್ಳಿಗೆ ಹೇಳ್ಬೇಡ. ಧೈರ್ಯವಾಗಿದಾಳೆ, ಹಂಗೇ ಇರ್ಲಿ."

ಆಮೇಲೆ ಫೋನು ಮುಂದೆ ನೂಕಿದರು. "ಇನ್ನೊಂದು ಹಾಕ್ಕೊಡು. ಅದೇ ದನಿ ಇರ್ಲಿ, ಅವ್ಳಿಗೆ ಬೇಕಾಗುತ್ತೆ. ಈ ಸಲ ಚಿಕ್ಕದು ಸಾಕು." ಹೇಳಿ ನಕ್ಕರು, ಕೊರಳಿನ ತೂತಿನಿಂದ ಬರೀ ಗಾಳಿ ಬಂತು.

ಫೋನು ತೆಗೆದುಕೊಂಡೆ. ಆ ಧ್ವನಿಯಲ್ಲಿ ಸಿಕ್ಕಿದ್ದರಲ್ಲೇ ಎಲ್ಲಕ್ಕಿಂತ ಉದ್ದದ ಕಾದಂಬರಿಯನ್ನು ಹುಡುಕಿ ಇಳಿಸಿ, "ಚಿಕ್ಕದೇ ಭಾವ, ಬೇಗ ಮುಗಿಯುತ್ತೆ" ಎಂದು ಕೈಗಿಟ್ಟೆ. ಅವರು ಪರದೆಯನ್ನು ಒಂದು ಕ್ಷಣ ನೋಡಿ, ನನ್ನ ಭುಜ ತಟ್ಟಿ ಹೊರಟರು. ಅವರ ಕಣ್ಣಿಗೆ ಹೊಸ ಕನ್ನಡಕ ಕೊಟ್ಟವನು ನಾನೇ, ಪರದೆಯಲ್ಲಿದ್ದ ಕಥೆಯ ಗಂಟೆಗಳ ಲೆಕ್ಕ ಅವರಿಗೆ ಚೆನ್ನಾಗಿಯೇ ಕಂಡಿರಬೇಕು ಎಂಬುದು ನನಗೆ ಹೊಳೆದದ್ದು ಬಸ್ಸು ಹೋದ ಮೇಲೆ.