ಸದ್ದಿನ ಉಸ್ತುವಾರಿ ಹೊತ್ತ ಮೇಲ್ಮಹಡಿಯವರಿಗೆ

ಮೇಲ್ಮಹಡಿಯ ಕೋವರ್ಕಿಂಗ್ ಕಚೇರಿಯ ಸಮುದಾಯ ವ್ಯವಸ್ಥಾಪಕರ ಸನ್ನಿಧಾನಕ್ಕೆ, ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಯಂತ್ರ, ಉಪಕರಣ ಹಂಚಿಕೊಂಡು ದುಡಿಯುವವರ ಕಾರ್ಯಾಗಾರವಾದ ಹ್ಯಾಕರ್‌ಸ್ಪೇಸಿನ ಒಬ್ಬ ಹಳೆಯ ಸದಸ್ಯ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಈ ತಿಂಗಳ ಹತ್ತನೇ ತಾರೀಖಿನೊಳಗೆ ನಾವು ನೆಲಮಾಳಿಗೆಯನ್ನು ಖಾಲಿ ಮಾಡಬೇಕೆಂದೂ, ಆನಂತರ ಅಲ್ಲಿ ತಮ್ಮ ಸಂಸ್ಥೆಯ ‘ಹ್ಯಾಕರ್ ಲೌಂಜ್’ ತಲೆಯೆತ್ತಲಿದೆಯೆಂದೂ ತಿಳಿಸುವ ನೋಟಿಸು ಕೈಸೇರಿತು. ಎಂಥ ಚೆಂದದ ಕಾಗದ! ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ಕಣ್ಣು ಸವೆಸಿಕೊಂಡ ನಾನು ಅದರಲ್ಲಿ ಒಂದೇ ಒಂದು ತಪ್ಪು ಹಿಡಿಯಲಾರದೆ ಸೋತೆ. ಒಂದು ಪುಟದಲ್ಲಿ ‘ಸಮುದಾಯ’ ಎಂಬ ಪದ ಹನ್ನೊಂದು ಸಲ ಬಂದಿದೆ. ನಾವು ಆರು ವರ್ಷ ಒಟ್ಟಿಗೆ ಕೆಲಸ ಮಾಡಿಯೂ ಆ ಪದವನ್ನು ಒಮ್ಮೆಯಾದರೂ ಬಳಸಿದ ನೆನಪು ನನಗಿಲ್ಲ. ಅಷ್ಟರಮಟ್ಟಿಗೆ ನಾವು ಹಿಂದುಳಿದವರು.

ತಮ್ಮಲ್ಲಿ ಜನ ಆಳಿಗೊಂದು ಮೇಜು ಬಾಡಿಗೆಗೆ ಹಿಡಿದು, ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು, ಪಕ್ಕದವರ ಹೆಸರನ್ನೂ ಕೇಳದೆ ಜೊತೆಜೊತೆಯಾಗಿ ಕೆಲಸ ಮಾಡುವ ಶಿಸ್ತನ್ನು ನಾನು ಕಣ್ಣಾರೆ ಕಂಡು ಬೆರಗಾಗಿದ್ದೇನೆ. ನಮ್ಮಲ್ಲೋ ಮೇಜು ಯಾರ ಸ್ವಂತದ್ದೂ ಅಲ್ಲ, ಉಪಕರಣ ಎಲ್ಲರದೂ ಹೌದು, ಪಕ್ಕದವರ ಕೆಲಸದಲ್ಲಿ ಮೂಗು ತೂರಿಸುವುದೇ ಸದಸ್ಯರ ಮೊದಲ ಕರ್ತವ್ಯ. ಆದರೂ ನೆರೆಹೊರೆ ಚೆನ್ನಾಗಿಯೇ ಇತ್ತು. ತಮ್ಮವರು ಕುರ್ಚಿಯ ಗಾಲಿ ಕಳಚಿದಾಗ, ಲ್ಯಾಪ್‌ಟಾಪಿನ ಕೀಲು ಮುರಿದಾಗ ಹಿಂದಿನ ಮೆಟ್ಟಿಲಿಳಿದು ಬರುತ್ತಿದ್ದರು. ನೆಲಮಾಳಿಗೆಯಲ್ಲಿ ಶೌಚಾಲಯವಿಲ್ಲದ್ದರಿಂದ ನಮ್ಮವರು ಅದೇ ಮೆಟ್ಟಿಲು ಹತ್ತಿ ತಮ್ಮಲ್ಲಿಗೆ ಬರುತ್ತಿದ್ದರು. ತಮ್ಮಲ್ಲಿ ಮೇಜು ಹಿಡಿಯಲು ಬಂದ ಗಿರಾಕಿಗಳಿಗೆಲ್ಲ ತಾವು ನಮ್ಮ ಬಾಗಿಲಲ್ಲೇ ನಿಂತು ನಮ್ಮನ್ನು ತೋರಿಸುತ್ತಿದ್ದಿರಿ. ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ಸದಾ ನಿಂತಿರುವುದರಿಂದ ಲೇತ್ ತಾತ ಎನಿಸಿಕೊಂಡ ನಮ್ಮ ಹಿರಿಯರಂತೂ, “ದಿನಾ ಯಾರಾದ್ರೂ ನೋಡಕ್ಕೆ ಬರ್ತಾರೆ ಅಂತ ಇಸ್ತ್ರಿ ಅಂಗಿ ಹಾಕ್ಕೊಂಡ್ ಬರೋ ಹಾಗಾಗಿದೆ ನೋಡಿ” ಎಂದು ಸಂಭ್ರಮಪಡುತ್ತಿದ್ದರು.

ಇಷ್ಟು ಸೊಗಸಾದ ಸಂಬಂಧ ಕೆಟ್ಟದ್ದು ನಮ್ಮದೇ ಒಂದು ತಪ್ಪು ತಿಳಿವಳಿಕೆಯಿಂದ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ. ಇರುವುದು ಒಂದೇ ನಿಯಮ, ಯಾವ ಕೊರತೆಯನ್ನು ಯಾರು ಮೊದಲು ಬಾಯಿಬಿಟ್ಟು ಹೇಳುತ್ತಾರೋ ಅದರ ಉಸ್ತುವಾರಿ ಅವರದೇ. ಫ್ಯಾನು ಕಿರುಗುಟ್ಟುತ್ತದೆ ಎಂದ ನಮ್ಮ ಸದಸ್ಯೆ, ದಂತವೈದ್ಯೆಯೊಬ್ಬರು, ಮರುದಿನ ಏಣಿಯ ಮೇಲಿದ್ದರು. ಹೀಗಿರುವಾಗ ಮೂರು ತಿಂಗಳ ಹಿಂದೆ, ಡ್ರಿಲ್ ಮಷಿನ್ನಿನ ಸದ್ದಿನಿಂದ ತಮ್ಮವರ ವಿಡಿಯೋ ಮಾತುಕತೆಗೆ ತೊಂದರೆಯಾಗುತ್ತಿದೆ ಎಂಬ ತಮ್ಮ ದೂರು ಬಂದಾಗ, ನಾವು ಅದನ್ನು ಗಟ್ಟಿಯಾಗಿ ಓದಿ, ಚಪ್ಪಾಳೆ ತಟ್ಟಿ, ಕೆಲಸದ ಹಲಗೆಯ ಮೇಲೆ ‘ಸದ್ದು: ಮೇಲ್ಮಹಡಿಯ ವ್ಯವಸ್ಥಾಪಕರು’ ಎಂದು ಬರೆದೆವು. ತಮ್ಮ ಅಳತೆಯ ಕೈಗವಸು ತೆಗೆದಿಟ್ಟೆವು. ಎರಡನೇ ದೂರು ಬಂದಾಗ ತಮ್ಮ ಉತ್ಸಾಹಕ್ಕೆ ಮಾರುಹೋದೆವು. ಮೂರನೆಯದು ಬಂದಾಗ, ಹೊಸಬರಿಗೆ ಮೂವರು ಸದಸ್ಯರು ಜಾಮೀನು ನಿಲ್ಲದೆ ಕೊಡದ ಬಾಗಿಲ ಕೀಲಿಯನ್ನೂ ತಮಗಾಗಿ ಮಾಡಿಸಿ ಮೊಳೆಗೆ ತಗುಲಿಸಿದೆವು. ತಾವು ಮಾತ್ರ ಕೈಗವಸು ತೊಡಲು ಮೆಟ್ಟಿಲಿಳಿಯದೆ ನೇರ ಕಟ್ಟಡದ ಮಾಲೀಕರ ಬಳಿ ಹೋದಿರಿ. ದೂರು ಬರೆದವರು ಬೇರೆಯವರು ಬಂದು ಕೆಲಸ ಮಾಡಲಿ ಎಂದು ಕಾಯುವ ಪದ್ಧತಿಯೂ ಲೋಕದಲ್ಲಿದೆಯೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಕ್ಷಮೆಯಿರಲಿ.

ಈಗ ನನ್ನ ಸ್ವಂತದ ಒಂದು ಮಾತು. ಪಾರ್ಶ್ವವಾಯು ಬಡಿದು ನನ್ನ ಹೆಂಡತಿಯ ಮಾತು ನಿಂತು ಎರಡು ವರ್ಷವಾಯಿತು. ಲೇತ್ ತಾತ ಮತ್ತು ನಮ್ಮ ಎಲೆಕ್ಟ್ರಿಷಿಯನ್ ಅಕ್ಕ ಸೇರಿ ಅವಳಿಗಾಗಿ ಹನ್ನೆರಡು ಬಟನ್ನುಗಳ ಒಂದು ಪೆಟ್ಟಿಗೆ ಮಾಡಿಕೊಟ್ಟರು. ಬಟನ್ ಒತ್ತಿದರೆ ಅವಳ ತಂಗಿಯ ದನಿಯಲ್ಲಿ ಮಾತು ಬರುತ್ತದೆ. ನೀರು ಬೇಕು, ಕಿಟಕಿ ತೆಗೀರಿ, ಹೀಗೆ. “ಎಷ್ಟ್ ಸಲ ಹೇಳೋದು ನಿಮಗೆ” ಎಂಬುದೂ ಒಂದಿದೆ, ಆ ಬಟನ್ನನ್ನು ಈವರೆಗೆ ನಾಲ್ಕು ಸಲ ಬದಲಾಯಿಸಲಾಗಿದೆ. ಎರಡು ಮೂರು ವಾರಕ್ಕೊಮ್ಮೆ ಎಲ್ಲೋ ಒಂದು ತಂತಿ ಬಿಡುತ್ತದೆ, ನಾನು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ನೆಲಮಾಳಿಗೆಗೆ ಓಡುತ್ತೇನೆ. ಇದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಇದನ್ನು ರಿಪೇರಿ ಮಾಡುವ ಅಂಗಡಿಯೂ ಇಲ್ಲ. ಲೇತಿನ ಭಾರ ತಡೆಯುವ ಬೇರೆ ನೆಲ ನಮಗೆ ಸಿಕ್ಕಿಲ್ಲ. ಹತ್ತನೇ ತಾರೀಖಿಗೆ ನಮ್ಮವರು ದಿಕ್ಕಿಗೊಬ್ಬರಾಗುತ್ತಾರೆ, ಆಮೇಲೆ ತಂತಿ ಬಿಟ್ಟರೆ ಅವಳ ಮಾತು ಎರಡನೇ ಸಲ ನಿಲ್ಲುತ್ತದೆ. ನನಗೆ ತಮ್ಮ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ಭಯವಿದೆ.

ತಮ್ಮ ಲೌಂಜಿನ ಗೋಡೆಗೆ ಹಳೆಯ ಸುತ್ತಿಗೆ, ಇಕ್ಕಳಗಳನ್ನು ತೂಗುಹಾಕುವಿರೆಂದೂ, ನಾವು ಲೇತನ್ನು ಅಲಂಕಾರಕ್ಕಾಗಿ ಅಲ್ಲೇ ಬಿಟ್ಟುಹೋಗಬೇಕೆಂದೂ ತಿಳಿದು ಹರ್ಷವಾಯಿತು. ಹಾಗಿದ್ದಲ್ಲಿ ಲೇತ್ ತಾತನನ್ನೂ ಅದರ ಪಕ್ಕದಲ್ಲೇ ನಿಲ್ಲಿಸಿಕೊಂಡು ವಾರಕ್ಕೊಮ್ಮೆ ಧೂಳು ಒರೆಸುವ ವ್ಯವಸ್ಥೆಯಾಗಲಿ. ಬೆಸುಗೆಯ ಹೊಗೆಯ ವಾಸನೆಯನ್ನು ಸುಗಂಧದ ಬಾಟಲಿಯಲ್ಲಿ ತರಿಸಿ ದಿನಕ್ಕೆರಡು ಸಲ ಸಿಂಪಡಿಸಿರಿ. ಮುಖ್ಯವಾಗಿ, ಗುರುತು ಪರಿಚಯವಿಲ್ಲದವನೊಬ್ಬ ಕೆಟ್ಟ ಪೆಟ್ಟಿಗೆ ಹಿಡಿದು ಒಳಗೆ ಬಂದಾಗ, ಕೈಯಲ್ಲಿದ್ದ ಕೆಲಸ ಬದಿಗಿಟ್ಟು “ಕೊಡಿ ಇಲ್ಲಿ, ನೋಡೋಣ” ಎನ್ನುವ ಇಬ್ಬರನ್ನು ಸಹ ಪೀಠೋಪಕರಣಗಳ ಪಟ್ಟಿಯಲ್ಲಿ ಸೇರಿಸಬೇಕಾಗಿ ಕೋರುತ್ತೇನೆ. ಅವರು ಯಾವ ಕಂಪನಿಯವರ ತಯಾರಿಕೆ ಎಂದು ನನಗೆ ತಿಳಿಯದು.

ನೆಲಮಾಳಿಗೆಯಲ್ಲಿ ಇನ್ನೂ ಉಳಿದಿರುವ,
ತಮ್ಮ ವಿಶ್ವಾಸಿ,
ಕರಡು ತಿದ್ದುವವನು

ಮಡಿಚುವ ಮುನ್ನ ಒಂದು ಮಾತು: ತಮ್ಮ ಸ್ವಾಗತ ಮೇಜಿನ ಹುಡುಗಿ ಈಗಷ್ಟೇ ಏದುಸಿರು ಬಿಡುತ್ತ ಕೆಳಗೆ ಬಂದಳು. ಹೊಸ ಬೆರಳಚ್ಚಿನ ಬೀಗ ಕೈಕೊಟ್ಟು ತಾವು ಗಾಜಿನ ಮೀಟಿಂಗ್ ಕೋಣೆಯೊಳಗೆ ಸಿಕ್ಕಿಕೊಂಡಿರುವಿರಂತೆ. ತಾವು ಕೂಗುತ್ತಿರುವುದು ಹೊರಗೆ ಕಾಣುತ್ತದಂತೆ, ಕೇಳುವುದಿಲ್ಲವಂತೆ. ತಮ್ಮ ನೋಟಿಸಿನ ಪ್ರಕಾರ ಉಪಕರಣಗಳನ್ನೆಲ್ಲ ಕಟ್ಟಿಟ್ಟಾಗಿತ್ತು. ಎಲೆಕ್ಟ್ರಿಷಿಯನ್ ಅಕ್ಕ ಮೂರು ಪೆಟ್ಟಿಗೆ ಬಿಚ್ಚಿ ಸ್ಕ್ರೂಡ್ರೈವರ್ ಹುಡುಕಿಕೊಂಡು ಮೆಟ್ಟಿಲು ಹತ್ತಿದ್ದಾರೆ, ಗಾಬರಿ ಬೇಡ. ಇಂದು ಏಳನೇ ತಾರೀಖು. ಮುಂದೆಯೂ ಹೀಗೆ ಸಿಕ್ಕಿಕೊಳ್ಳುವ ಆಲೋಚನೆಯಿದ್ದರೆ, ದಯವಿಟ್ಟು ಈ ಮೂರು ದಿನಗಳೊಳಗೇ ಸಿಕ್ಕಿಕೊಳ್ಳಬೇಕಾಗಿ ವಿನಂತಿ.